ದೊರೆಸಾನಿ ಹುಲ್ಲು ಮುಟ್ಟಲಿಲ್ಲ

ಜೂನ್ 3, ಬೆಳಿಗ್ಗೆ
ಇವತ್ತೂ ಮುಟ್ಟಿಲ್ಲ. ರಾತ್ರಿ ಹಾಕಿದ ಒಣಹುಲ್ಲು ಹಾಗೇ ಇದೆ. ತೆಗೆದು ಹೊಸದು ಹಾಕಿದೆ. ನೀರು ಮಾತ್ರ ಒಂದಿಷ್ಟು ಕುಡಿದಿದ್ದಾಳೆ.

ವಯಸ್ಸಾದ ಕತ್ತೆ. ಆಯುಷ್ಯವೆಲ್ಲ ಇಟ್ಟಿಗೆ ಗೂಡಿನಲ್ಲಿ ಹೊರೆ ಹೊತ್ತವಳು. ಪ್ರಾಣಿ ರಕ್ಷಣೆಯವರು ಬಿಡಿಸಿ ತಂದರು, ಮನೆಯವಳು 'ನಮ್ಮಲ್ಲೇ ಇರಲಿ' ಎಂದು ಒಪ್ಪಿ ಬಂದಳು. ನನಗೆ ಗೊತ್ತಾದದ್ದು ಮೊನ್ನೆ, ಟೆಂಪೋ ಗೇಟಿಗೆ ಬಂದ ಮೇಲೆ. ಠೀವಿ ನೋಡಿ ದೊರೆಸಾನಿ ಎಂದು ಹೆಸರಿಟ್ಟೆ. ಶೆಡ್ಡು ಅವಳಿಗೆ, ನನ್ನ ಸ್ಕೂಟರ್ ಬೀದಿಗೆ.

"ಹುಲ್ಲು ಇದೆ, ಹಲ್ಲು ಇದೆ, ಒಲ್ಲೆ ಅನ್ನೋ ಸೊಲ್ಲೂ ಇದೆ," ಎಂದೆ.

"ಪ್ರಾಸ ಸಾಕು, ಗ್ರಾಸ ಹಾಕಿ," ಎಂದಳು ಮನೆಯವಳು. ಸಹವಾಸದೋಷ.

ಅದೇ ದಿನ, ಸಂಜೆ
ಪಶುವೈದ್ಯೆ ಬಂದಿದ್ದರು. ಹಲ್ಲು, ಹೊಟ್ಟೆ ಎಲ್ಲ ನೋಡಿದರು. ಬೆನ್ನಿನ ಹುಣ್ಣು ವಾಸಿಯಾಗಿದೆಯಂತೆ.

"ಕಾಯಿಲೆ ಏನೂ ಕಾಣ್ತಿಲ್ಲ ಸರ್. ಆದ್ರೆ ಕತ್ತೆ ತಿನ್ನೋದು ಬಿಟ್ರೆ ಹುಡುಗಾಟ ಅಲ್ಲ, ಜೀವಕ್ಕೇ ಬರುತ್ತೆ. ನಾಳೆನೂ ತಿನ್ನದಿದ್ರೆ ಡ್ರಿಪ್ ಹಾಕ್ಬೇಕು. ಈ ವಯಸ್ಸಲ್ಲಿ... ನೋಡೋಣ. ಬೆನ್ನ ಮೇಲೆ ಭಾರ ಮಾತ್ರ ಯಾವತ್ತೂ ಬೇಡ."

ಆ 'ನೋಡೋಣ' ಹಿಡಿಸಲಿಲ್ಲ.

ಕ್ಯಾರೆಟ್ ಹಿಡಿದೆ. ಮೂಸಿ ಮುಖ ತಿರುಗಿಸಿದಳು. ನಾನೇ ತಿಂದೆ.

ಜೂನ್ 4
ಮನೆಯವಳು ಒಗೆದ ಬಟ್ಟೆ ಹೊತ್ತು ಹಿತ್ತಲಿಗೆ ಹೊರಟಿದ್ದಳು. ಕೈ ಸಾಲಲಿಲ್ಲ. ದಾರಿಯಲ್ಲಿ ನಿಂತಿದ್ದ ದೊರೆಸಾನಿಯ ಬೆನ್ನ ಮೇಲೆ ಒದ್ದೆ ಬೆಡ್‌ಶೀಟ್ ಹಾಕಿಬಿಟ್ಟಳು.

"ಭಾರ ಬೇಡ ಅಂದಿಲ್ವೇನೇ ಡಾಕ್ಟ್ರು!"

"ಬೆಡ್‌ಶೀಟ್ ರೀ ಅದು, ಬೀರು ಅಲ್ಲ."

ಅಷ್ಟರಲ್ಲಿ ದೊರೆಸಾನಿ ಹೊರಟೇಬಿಟ್ಟಳು — ಯಾರೂ ಕರೆಯದೆ, ಬಟ್ಟೆ ತಂತಿಯವರೆಗೆ. ನಿಂತಳು. ಇವಳು ಶೀಟ್ ಇಳಿಸಿದಳು. ದೊರೆಸಾನಿ ಮೈ ಕೊಡವಿ, ನೆಟ್ಟಗೆ ಶೆಡ್ಡಿಗೆ ಹೋಗಿ ಹುಲ್ಲಿಗೆ ಬಾಯಿ ಹಾಕಿದಳು.

ಕರಕರ ಸದ್ದು. ನಾವಿಬ್ಬರೂ ಮಿಸುಕಲಿಲ್ಲ.

"ಹೊರೆ ಇಳಿದ ಮೇಲೇ ಊಟ... ಅಷ್ಟು ವರ್ಷ ಹಾಗೇ ಅಲ್ವಾ," ಎಂದಳು. ಕಣ್ಣೊರೆಸಿಕೊಂಡದ್ದೂ ಆ ಒದ್ದೆ ಶೀಟಿನಿಂದಲೇ.

ಜೂನ್ 9
ಫೋನಿನಲ್ಲಿ ವೈದ್ಯೆ ನಕ್ಕರು. ದಿನಾ ಹಗುರ ಬಟ್ಟೆ ಹಾಕಿ, ಕಡಿಮೆ ಮಾಡ್ತಾ ಬನ್ನಿ ಎಂದರು. ಟವೆಲಿಗೆ ಇಳಿದಿದ್ದೇವೆ. ನಿವೃತ್ತಿ, ಕಂತಿನಲ್ಲಿ. ಇವತ್ತು ನನ್ನ ಬನಿಯನ್. ಅವಮಾನ ಅವಳಿಗೋ ನನಗೋ ತಿಳಿಯದು.

ಜೂನ್ 27
ಕರ್ಚೀಫು. ತಂತಿಯವರೆಗೂ ಗಂಭೀರವಾಗಿ ಹೊತ್ತಳು.

ಜುಲೈ 8, ಮಧ್ಯಾಹ್ನ
ಇವತ್ತು ಬರೀ ಬೆನ್ನು. ತಂತಿಯ ಹತ್ತಿರ ಹೋಗಿ ಕಾದಳು. ಇಳಿಸಲು ಏನೂ ಇಲ್ಲ. ಹುಣ್ಣಿನ ಕಲೆಯ ಮೇಲೆ ಕೈಯಾಡಿಸಿ, "ಮುಗೀತಮ್ಮ, ಇನ್ನೇನೂ ಇಲ್ಲ," ಎಂದೆ. ನನ್ನನ್ನೇ ನೋಡುತ್ತಾ ನಿಂತಳು. ತುಂಬಾ ಹೊತ್ತು. ಆಮೇಲೆ ತಾನಾಗಿ ಶೆಡ್ಡಿಗೆ... ತಿಂದಳು. ಪೂರ್ತಿ.

ಅವಳ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಹೆಗಲ ಮೇಲೆ ಬಿಸಿ ಉಸಿರು. ಇನ್ನೂ ಹಸಿವಂತೆ, ಈ ಪುಟದ ಮೂಲೆ ಆಗಲೇ ಬಾಯಲ್ಲಿದೆ. ಬಿಡಿಸಹೋದರೆ ಇನ್ನಷ್ಟು ಒಳಕ್ಕೆ. ಹೋಗಲಿ, ಏನಾದರೂ ತಿಂದರೆ ಸಾಕು ಎಂದು ಬೇಡಿಕೊಂಡವನು ನಾ—