ದೊಡ್ಡಮ್ಮ ದಿಬ್ಬ ಹತ್ತುವ ರೀತಿ

ಮಾರ್ಚ್ 3, ಬೆಳಿಗ್ಗೆ

ಇವತ್ತೂ ದೊಡ್ಡಮ್ಮ ಒಂದೇ ಸಲಕ್ಕೆ ಸ್ಟಾರ್ಟ್ ಆಗಲಿಲ್ಲ. ಚೋಕ್ ಎಳೆದು, ಬಾನೆಟ್ ತಟ್ಟಿ, ಪೂಸಿ ಹೊಡೆದೆ. ಕೆಮ್ಮಿ ಎದ್ದಳು. ಮದುವೆಯಾದ ವರ್ಷ ಕೊಂಡ ಸೆಕೆಂಡ್ ಹ್ಯಾಂಡ್ ಕಾರು. ಯಾರ ಅವಸರಕ್ಕೂ ಬಗ್ಗದವಳು ಅಂತ ಹೆಂಡತಿಯೇ ಇಟ್ಟ ಹೆಸರು. ಸೈಕಲ್‌ನವರೂ ಹಿಂದೆ ಹಾಕಿ ಹೋಗುತ್ತಾರೆ. ಹೋಗಲಿ ಪಾಪ, ಅವರಿಗೂ ಖುಷಿ.

ಮಗಳ ಫೋನು. "ಅಪ್ಪಾ, ಸೋಮವಾರ ದೊಡ್ಡಮ್ಮನ್ನ ಒಯ್ಯೋಕೆ ಗುಜರಿಯವನು ಬರ್ತಾನೆ. ಈ ಸಲ ಬೇಡ ಅನ್ಬೇಡಿ." ಹೂಂ ಅಂದೆ. ತಲೆಯೆಲ್ಲ ಹೆಂಡತಿಯ ಆಪರೇಷನ್ ಮೇಲೆ.

ಮಾರ್ಚ್ 5

ನಾಳೆ ಇವಳನ್ನು ಅಡ್ಮಿಟ್ ಮಾಡಬೇಕು, ನಾಡಿದ್ದು ಹೃದಯದ ಆಪರೇಷನ್. ಹೋಗಲ್ಲ ಅಂತ ಹಟ. ಮಡಚಿದ ಬಟ್ಟೆಗಳನ್ನೇ ಮತ್ತೆ ಮಡಚುತ್ತಿದ್ದಾಳೆ. ಹೆದರಿದ್ದಾಳೆ. ನಾನೂ ಅಷ್ಟೇ.

ಮಗಳು ತನ್ನ ಹೊಸ ಕಾರು ತಂದಳು. "ಅಮ್ಮಾ, ಹತ್ತು ನಿಮಿಷ. ಹೋಗಿದ್ದೇ ಗೊತ್ತಾಗಲ್ಲ."

"ಅದೇ ನಂಗೆ ಬೇಡ. ದೊಡ್ಡಮ್ಮನಲ್ಲಾದ್ರೆ ಬರ್ತೀನಿ. ನಿನ್ನ ಹೆರೋಕೆ ಹೋದ ಹಾಗೇ."

ಮಗಳು ನನ್ನ ಮುಖ ನೋಡಿದಳು. ನಾನು ಸೀಲಿಂಗ್ ನೋಡಿದೆ.

ಮಾರ್ಚ್ 6

ಆಸ್ಪತ್ರೆ ದಿಬ್ಬದ ಮೇಲಿದೆ. ಫಸ್ಟ್ ಗೇರಿನಲ್ಲಿ ದೊಡ್ಡಮ್ಮನ ಕೈಲಾಗದು. ರಿವರ್ಸ್‌ನಲ್ಲಿ ಎಳೆತ ಜಾಸ್ತಿ. ಮೆಕ್ಯಾನಿಕ್ ಆ ಕಾಲದಲ್ಲೇ ಹೇಳಿಕೊಟ್ಟ ಉಪಾಯ. ಹೆರಿಗೆ ನೋವಿನಲ್ಲಿದ್ದವಳನ್ನೂ ಹಾಗೇ ಹತ್ತಿಸಿದ್ದೆ. ಇವತ್ತೂ ಬುಡದಲ್ಲಿ ಗಾಡಿ ತಿರುಗಿಸಿ, ಕತ್ತು ಹಿಂದಕ್ಕೆ ಹೊರಳಿಸಿ, ಹಿಮ್ಮುಖವಾಗಿ ಹೊರಟೆ. ಕತ್ತು ಮೊದಲಿನಂತಿಲ್ಲ.

ನಮ್ಮ ಬೆನ್ನಿಗೆ — ಅಲ್ಲ, ಮೂತಿಗೆ — ಮಗಳ ಕಾರು, ದೀಪ ಮಿಣುಕಿಸುತ್ತಾ. ತಾಯಿ ಮಗಳು ಗಾಜಿನ ಆಚೀಚೆ ಎದುರುಬದುರು. ಇವಳು ಕೈಸನ್ನೆಯಲ್ಲೇ ಬೈದಳು: ತೀರ ಹತ್ತಿರ ಬರಬೇಡ, ಕೂದಲು ಕಟ್ಟಿಕೋ. ಮಗಳು ನಗುತ್ತಲೇ ಕಣ್ಣೊರೆಸಿಕೊಂಡಳಂತೆ.

ಅರ್ಧ ದಿಬ್ಬದಲ್ಲಿ — "ನೋಡ್ರೀ, ನಮ್ಮ ಮಹಡಿ ಕಾಣ್ತಿದೆ. ಟವೆಲ್ ಒಳಗೆ ತರೋದು ಮರ್ತಿದ್ದೀರ."

"ನಾನ್ ಹೇಗೆ ನೋಡ್ಲಿ? ಕತ್ತು ಆ ಕಡೆ ಇದೆ."

"ನೀವು ದಾರಿ ನೋಡಿ. ಮನೆ ನಾನು ನೋಡ್ಕೋತೀನಿ. ಇದ್ರಲ್ಲಿ ಹತ್ತುವಾಗ್ಲೂ ಮನೆ ಕಡೆಗೇ ಮುಖ, ಇಳಿಯುವಾಗ್ಲೂ ಮನೆ ಕಡೆಗೇ. ಅದಕ್ಕೇ ಇದೇ ಬೇಕಂದೆ."

ಬೇಗ ಓಡುವ ಕಾರು ಕೊಳ್ಳಲಾಗದ ನಮ್ಮ ಬದುಕಿಗೆ ಕೈ ಮುಗಿಯಬೇಕೆನಿಸಿತು.

ಮಾರ್ಚ್ 11

ಬರೆಯಲು ಕೈ ಬಂದಿರಲಿಲ್ಲ. ಇವತ್ತು ಇವಳನ್ನು ಐಸಿಯುನಿಂದ ವಾರ್ಡಿಗೆ ತಂದರು. ಸ್ಪಷ್ಟವಾಗಿ ಆಡಿದ ಮೊದಲ ಮಾತು: "ಗುಜರಿಯವನು ಬಂದಿದ್ನಾ?"

"ನಾನೇ ವಾಪಸ್ ಕಳಿಸ್ದೆ, ಮಲ್ಕೋ," ಅಂದಳು ಮಗಳು.

ಸಾಕು, ಇಷ್ಟು ಸಾಕು.

ಮಾರ್ಚ್ 16, ಮಧ್ಯಾಹ್ನ

ಇವತ್ತು ಇವಳನ್ನು ಮನೆಗೆ ಬಿಡುತ್ತಾರೆ. ಡಾಕ್ಟರು — "ಗಾಡಿ ನಿಧಾನವಾಗಿ ಓಡ್ಸಿ." ಅದನ್ನು ನಮಗೆ ಹೇಳಿಕೊಡಬೇಕೆ. ಬೆಲ್ಟ್ ಎದೆಗೆ ಒತ್ತದಂತೆ ದಿಂಬು ಅಪ್ಪಿಕೊಂಡು ಕೂರಬೇಕಂತೆ. ದೊಡ್ಡಮ್ಮ ಒಂದೇ ಸಲಕ್ಕೆ ಸ್ಟಾರ್ಟ್! ನಮ್ಮ ಮನೆ ಗೇಟಿನಲ್ಲಿ ಗುರುಗುಡುತ್ತಿದ್ದಾಳೆ, ಆಫ್ ಮಾಡಲು ಧೈರ್ಯವಿಲ್ಲ. ದಿಂಬು ತರಲು ಒಳಗೆ ಬಂದವನು ಇದನ್ನು ಬರೆಯುತ್ತಾ ಕೂತೆ.

ಟವೆಲ್ ಬೇಕೆಂದೇ ಮಹಡಿಯ ಮೇಲೆ ಬಿಟ್ಟಿದ್ದೇನೆ. ದಿಬ್ಬ ಇಳಿಯುವಾಗ ಕಾಣಲಿ, ಬೈಯಲಿ. ಉಳಿದದ್ದು ಬಂದ ಮೇಲೆ. ಇಂಜಿನ್ ಕೆಮ್ಮುತ್ತಿದೆ... ದಿಂಬು ಎಲ್ಲಿ—