ಬಾರ್ಲೋ ಮನೆಯ ಹಿಂದಿನ ಕೋಣೆ

ಜನವರಿ 14, ಮಂಗಳವಾರ

ಶಾಲೆಯಲ್ಲಿ ಮಕ್ಕಳಿಗೆ ಇವತ್ತೂ ಸಾಸೇಜ್, ಬಟಾಣಿ ಬೇಯಿಸಿದೆ. ಅಡುಗೆಮನೆ ತೊಳೆದು, ಬಸ್ ಹಿಡಿದು ಆಸ್ಪತ್ರೆಗೆ. ತಮ್ಮ ರಸೆಲ್ ಊರುಗೋಲು ಹಿಡಿದು ಕಿಟಕಿಯವರೆಗೆ ನಡೆದ. ಎಡಗೈ ಇನ್ನೂ ಅವನ ಮಾತು ಕೇಳುತ್ತಿಲ್ಲ. ಪಾರ್ಶ್ವವಾಯು ನಾಲಿಗೆಯನ್ನು ಮಾತ್ರ ಮುಟ್ಟಲು ಹೆದರಿತು.

ನರ್ಸ್‌ದು ಮತ್ತೆ ಅದೇ ಪಾಠ. ನನ್ನ ಬಾಡಿಗೆ ಫ್ಲ್ಯಾಟ್ ಮೂರನೇ ಮಹಡಿ, ಲಿಫ್ಟ್ ಇಲ್ಲ, ಅಲ್ಲಿಗೆ ಕಳಿಸುವುದಿಲ್ಲ. ಮೇ ಮುಗಿಯುವುದರೊಳಗೆ ನೆಲಮಟ್ಟದಲ್ಲಿ ಕೋಣೆ, ಬಚ್ಚಲು ಇರುವ ಮನೆ ಆಗದಿದ್ದರೆ ನರ್ಸಿಂಗ್ ಹೋಮ್, ಮುದುಕರ ಜೊತೆ ಕಾಯಂ ವಾಸ. ರಸೆಲ್ ಟಿವಿಯ ಸದ್ದು ಜಾಸ್ತಿ ಮಾಡಿದ.

ಒಂದು ಒಳ್ಳೆಯ ಸುದ್ದಿ. ಮನೆ ಮಾರುತ್ತಿರುವ ಮುದುಕ ಬಾರ್ಲೋ ನನ್ನ ಬೆಲೆಗೆ ಒಪ್ಪಿದ್ದಾನೆ. ಮನೆಯ ಹಿಂಬದಿಗೆ ಒಂದು ಕೋಣೆ, ಅಗಲದ ಬಾಗಿಲು, ಪಕ್ಕದಲ್ಲೇ ಬಚ್ಚಲು. ಅದಕ್ಕೇ ಆ ಮನೆ. ಉಳಿದದ್ದೆಲ್ಲ ತೇವ ಮತ್ತು ಹೂವಿನ ವಾಲ್‌ಪೇಪರ್.

ಜನವರಿ 16, ಗುರುವಾರ

ಈಗ ಸಾಲಿಸಿಟರ್ ಬೇಕು. ಮನೆಯ ಹಕ್ಕುಪತ್ರ ನೋಡಿ, ಕರಾರು ಬರೆದು, ಕೀಲಿ ಕೈಗೆ ಬರುವ ತನಕ ಜೊತೆಗಿರುವ ವಕೀಲರು. ಮನೆ ಏಜೆಂಟ್ ಹುಡುಗ ತನ್ನವರನ್ನೇ ಹಿಡಿಯಿರಿ ಎಂದು ಗಂಟುಬಿದ್ದ. ಅವನಿಗೆ ಅಲ್ಲಿಂದ ಕಮಿಷನ್, ಗೊತ್ತು. ಇಂಟರ್‌ನೆಟ್ಟಿನ ಅಗ್ಗದ ಕಂಪನಿಗೆ ಫೋನ್ ಮಾಡಿದೆ. ಕಾಯಿರಿ ಎಂದು ಪಿಯಾನೋ ಕೇಳಿಸಿದರು. ಚಹಾ ಮಾಡಿಕೊಂಡು ಬಂದೆ, ಇನ್ನೂ ಪಿಯಾನೋ.

ಕೊನೆಗೆ ಮಿಸೆಸ್ ಗಾರ್ಸೈಡ್. ಸಾಕುಪ್ರಾಣಿ ಅಂಗಡಿಯ ಮೇಲಿನ ಆಫೀಸು, ಮೆಟ್ಟಿಲ ತುಂಬ ಮೊಲದ ವಾಸನೆ. ಫೋನ್ ತಾನೇ ಎತ್ತುತ್ತಾಳೆ. ಅಷ್ಟು ಸಾಕಾಯಿತು.

"ಒಂದೇ ಒಂದು ನಿಯಮ," ಎಂದಳು. "ಏನಿದ್ರೂ ನನ್ನ ಹತ್ರ ಮಾತಾಡಿ. ಮಾರೋರ ಹತ್ರ ಬೇಡ, ಬೇರೆ ಯಾರ ಹತ್ರಾನೂ ಬೇಡ. ನೀವು ಮಾತುಗಾರರು ಅಂತ ಮುಖ ನೋಡಿದ್ರೇ ಗೊತ್ತಾಗುತ್ತೆ."

ಶಾಲೆಯ ಅಡುಗೆಯವಳು ಮೂಕಿಯಾಗಿದ್ದರೆ ಮಕ್ಕಳು ತಟ್ಟೆಯನ್ನೇ ತಿಂದುಬಿಡುತ್ತವೆ. ಹೇಳಲಿಲ್ಲ.

ಫೆಬ್ರವರಿ 5, ಬುಧವಾರ

ಬಾರ್ಲೋ ಏನೇನು ಬಿಟ್ಟುಹೋಗುತ್ತಾನೆ, ಏನೇನು ಒಯ್ಯುತ್ತಾನೆ ಎಂಬ ಪಟ್ಟಿ ಬಂದಿದೆ. ಗಾರ್ಸೈಡ್ ಓದಿದಳು. "ಪರದೆ, ಒಯ್ತಾರೆ. ಬಲ್ಬು, ಒಯ್ತಾರೆ. ಟಾಯ್ಲೆಟ್ ಪೇಪರ್ ಸಿಕ್ಕಿಸೋದು, ಒಯ್ತಾರೆ. ಹಿಂದಿನ ಕೋಣೆಯ ಹಿತ್ತಾಳೆ ಗಂಟೆ, ಒಯ್ತಾರೆ. ಅದಕ್ಕೆ ಎರಡು ಗೆರೆ ಬೇರೆ ಎಳೆದಿದ್ದಾರೆ."

ಅವನ ಗಂಟೆ ಯಾರಿಗೆ ಬೇಕಿತ್ತು? ಜಿಪುಣ.

ಫೆಬ್ರವರಿ 26, ಬುಧವಾರ

ಹಿಂದಿನ ಕೋಣೆಯನ್ನು ಬಾರ್ಲೋ ಇಪ್ಪತ್ತು ವರ್ಷದ ಹಿಂದೆ ತಾನೇ ಕಟ್ಟಿದ್ದಂತೆ. ಕಟ್ಟಡಕ್ಕೆ ಒಪ್ಪಿಗೆ ಕೊಡುವ ಊರಿನ ಕೌನ್ಸಿಲ್‌ನ ಪ್ರಮಾಣಪತ್ರ ಇಲ್ಲ. ಸಾಲ ಕೊಡುವ ಬ್ಯಾಂಕ್ ಅದನ್ನು ಕೇಳುತ್ತಿದೆ.

"ಗಾಬರಿ ಬೇಡ, ಇದು ಮಾಮೂಲು," ಎಂದಳು ಗಾರ್ಸೈಡ್. "ಒಂದು ವಿಮೆ ತಗೊಂಡ್ರೆ ಬ್ಯಾಂಕ್ ಬಾಯಿ ಮುಚ್ಚುತ್ತೆ. ಶುಕ್ರವಾರ ಮಾಡಿಸ್ತೀನಿ."

ನಿದ್ದೆ ಬರುವುದಿಲ್ಲ ಅನ್ನಿಸುತ್ತದೆ. ರಸೆಲ್ ಮಲಗುವ ಕೋಣೆ ಅದು. ತಲೆಯ ಮೇಲೆ ಬಿದ್ದರೆ?

ಫೆಬ್ರವರಿ 27, ಗುರುವಾರ

ಮಧ್ಯಾಹ್ನ ಪಾತ್ರೆಗಳ ನಡುವೆ ನಿಂತು ಕೌನ್ಸಿಲ್‌ಗೆ ಫೋನ್ ಮಾಡಿದೆ. ಮನೆ ನಂಬರ್, ಕೋಣೆ, ಬಾರ್ಲೋ, ಎಲ್ಲ ಹೇಳಿದೆ. ಏನಾದರೂ ಕಾಗದ ಸಿಕ್ಕೀತೇ ಅಂತ. ಫೋನ್ ಎತ್ತಿದವಳು ಬಹಳ ಒಳ್ಳೆಯ ಹೆಂಗಸು. ನಿಧಾನವಾಗಿ ಬರೆದುಕೊಂಡಳು. ಥ್ಯಾಂಕ್ಸ್ ಬೇರೆ ಹೇಳಿದಳು. ಗಾರ್ಸೈಡ್‌ಗೆ ಒಂದು ಕೆಲಸ ಉಳಿಸಿದ ಖುಷಿ.

ಫೆಬ್ರವರಿ 28, ಶುಕ್ರವಾರ

"ಏನು ಮಾಡಿದ್ರಿ?" ಫೋನಿನಲ್ಲಿ ಗಾರ್ಸೈಡ್.

ಮತ್ತೆ ಹೇಳಿದೆ.

ಕೆಳಗಿನ ಅಂಗಡಿಯ ಗಿಳಿ ಕೂಗಿದ್ದು ಫೋನಿನಲ್ಲಿ ಕೇಳಿಸಿತು.

"ಮಿಸ್ ಆರ್ಮರಾಡ್, ಆ ವಿಮೆ ಇರೋದೇ ಕೌನ್ಸಿಲ್‌ಗೆ ಗೊತ್ತಾಗಿ ಗಲಾಟೆ ಮಾಡಿದ್ರೆ ಅಂತ. ನೀವೇ ಹೋಗಿ ಹೇಳಿಬಿಟ್ರೆ ಯಾವ ಕಂಪನಿ ವಿಮೆ ಕೊಡುತ್ತೆ? ಸುಳ್ಳು ಬರೆಯೋಕೆ ನನಗೆ ಬರಲ್ಲ."

"ಒಳ್ಳೇದಾಗ್ಲಿ ಅಂತ..."

"ಎಲ್ಲರೂ ಅದಕ್ಕೇ ಮಾಡ್ತಾರೆ."

ಸಂಜೆ ರಸೆಲ್‌ಗೆ ಹೇಳಲಿಲ್ಲ. ದ್ರಾಕ್ಷಿ ಕೊಟ್ಟು ಬಂದೆ.

ಮಾರ್ಚ್ 11, ಮಂಗಳವಾರ

ಬರೆಯಲು ಏನೂ ಇರಲಿಲ್ಲ. ಈಗ ಇದೆ.

ಉಳಿದಿರುವುದು ಒಂದೇ ದಾರಿ. ಕೌನ್ಸಿಲ್ ಇನ್‌ಸ್ಪೆಕ್ಟರ್ ಬಂದು, ಕೋಣೆಯ ನೆಲ ಒಡೆಸಿ ಅಡಿಪಾಯ ನೋಡಿ, ಸರಿಯಿದ್ದರೆ ಪ್ರಮಾಣಪತ್ರ ಕೊಡಬೇಕು. ಅದಕ್ಕೆ ಮನೆಯ ಯಜಮಾನನೇ ಅರ್ಜಿ ಹಾಕಬೇಕು. ಬಾರ್ಲೋ ತನ್ನ ಸಾಲಿಸಿಟರ್ ಮೂಲಕ ಹೇಳಿಸಿದ್ದಾನೆ: ಆ ನೆಲಕ್ಕೆ ಯಾರೂ ಸುತ್ತಿಗೆ ಹಾಕಕೂಡದು, ಮನೆ ಬೇಡವಾದರೆ ಕೊಳ್ಳುವವರು ಬಿಡಲಿ.

ರಸೆಲ್‌ಗೆ ಹೇಳಲೇಬೇಕಾಯಿತು. ನಕ್ಕ. "ಸ್ಕೂಲಲ್ಲೂ ನೀನು ಹಿಂಗೇ ಕಣೇ. ಟೀಚರ್‌ಗೆ ಹೋಮ್‌ವರ್ಕ್ ನೆನಪಿಸ್ತಿದ್ದೋಳು."

ಆಮೇಲೆ ನರ್ಸಿಂಗ್ ಹೋಮಿನ ಬಣ್ಣದ ಪುಸ್ತಿಕೆ ತೋರಿಸಿದ. ಯಾರೋ ಮಂಚದ ಮೇಲೆ ಇಟ್ಟುಹೋಗಿದ್ದರು. "ನೋಡು, ಬುಧವಾರ ಬಿಂಗೋ ಆಟ," ಎಂದ. ಪುಸ್ತಿಕೆ ಮುಚ್ಚಿ ಗೋಡೆಯ ಕಡೆ ತಿರುಗಿಕೊಂಡ. ಅವನು ಸುಮ್ಮನಾದರೆ ನನಗೆ ಭಯವಾಗುತ್ತದೆ. ಬಸ್‌ಸ್ಟಾಪಿನಲ್ಲಿ ಅತ್ತುಬಿಟ್ಟೆ. ಒಬ್ಬ ಮುದುಕಿ ಪುದೀನ ಮಿಠಾಯಿ ಕೊಟ್ಟಳು.

ಮಾರ್ಚ್ 18, ಮಂಗಳವಾರ

ಗಾರ್ಸೈಡ್ ಕರೆಸಿಕೊಂಡಳು. ಬಾಗಿಲು ಹಾಕಿದಳು. ಪೆನ್ನಿನ ಮುಚ್ಚಳ ಹಾಕಿದಳು.

"ಈಗ ಹೇಳೋದನ್ನ ನಾನು ಹೇಳೇ ಇಲ್ಲ. ಅವರ ಕಡೆಯಿಂದ ಬರೋ ಪತ್ರದಲ್ಲೆಲ್ಲ ನೀವು ಬರೀ 'ಖರೀದಿದಾರರು'. ಬೆಲೆ ಇಳಿಸೋಕೆ ನೀವು ಕೌನ್ಸಿಲ್‌ನ ಛೂ ಬಿಟ್ಟಿದ್ದೀರಿ ಅಂತ ಆ ಮುದುಕ ತಿಳ್ಕೊಂಡಿದ್ದಾನೆ. ತಮ್ಮನ ವಿಷಯ ಅವನಿಗೆ ಗೊತ್ತೇ ಇಲ್ಲ."

"ಅಂದ್ರೆ?"

"ಹೋಗಿ ಮಾತಾಡಿ. ತಮ್ಮನನ್ನೂ ಕರ್ಕೊಂಡು ಹೋಗಿ."

"ನಿಮ್ಮ ನಿಯಮ?"

"ಅದು ಆಗಲೇ ಮುರಿದಿದೆಯಲ್ಲ."

ಮಾರ್ಚ್ 22, ಶನಿವಾರ, ಸಂಜೆ

ಹೋದೆವು. ಗಾಲಿಕುರ್ಚಿ ಹತ್ತುವ ಟ್ಯಾಕ್ಸಿ. ರಸೆಲ್ ಟೈ ಕಟ್ಟಿಕೊಂಡಿದ್ದ, ನರ್ಸ್ ಕೈಯಿಂದ ಕಟ್ಟಿಸಿದ್ದು.

ಬಾರ್ಲೋ ಬಾಗಿಲು ತೆರೆದ. ನನ್ನ ಮುಖ ನೋಡಿ ಅವನ ಮುಖ ಬಿಗಿಯಾಯಿತು. "ಕೌನ್ಸಿಲ್‌ಗೆ ಚಾಡಿ ಹೇಳಿದೋಳು ನೀನೇ ತಾನೆ?"

"ಹೌದು, ನಾನೇ. ದಡ್ಡತನ. ಆ ಕೋಣೆ ಇವನಿಗೆ ಬೇಕಿತ್ತು. ಇವನ ತಲೆ ಮೇಲೆ ಬಿದ್ರೆ ಅಂತ ಹೆದರಿ ಕೇಳ್ದೆ."

"ಬೀಳುತ್ತಾ? ನಾನು ಕಟ್ಟಿದ್ದು?"

"ಬಿದ್ರೆ ನಂದೇನೂ ನಷ್ಟ ಇಲ್ಲ ಬಿಡಿ," ಎಂದ ರಸೆಲ್. "ಅರ್ಧ ಆಗ್ಲೇ ಬಿದ್ದೋಗಿದೆ."

ಮುದುಕ ಗಾಲಿಗಳನ್ನೇ ನೋಡಿದ. ಆಮೇಲೆ ದಾರಿ ಬಿಟ್ಟ.

ಕುರ್ಚಿ ಹಿಂದಿನ ಕೋಣೆಯ ಬಾಗಿಲಲ್ಲಿ ಎರಡೂ ಕಡೆ ತಾಗದೆ ಹೋಯಿತು. "ನಮ್ಮ ನೆಸ್ಟಾಳ ಕುರ್ಚೀದೂ ಇದೇ ಅಗಲ," ಎಂದ ಬಾರ್ಲೋ. ಹೆಂಡತಿ. ಕಾಲು ಸ್ವಾಧೀನ ತಪ್ಪಿದ ಮೇಲೆ ಅವಳಿಗಾಗಿ ಕಟ್ಟಿದ್ದು. ಇಲ್ಲೇ ತೀರಿಕೊಂಡದ್ದು. ಅವಳಿದ್ದ ಕೋಣೆಯ ನೆಲ ಒಡೆಯಲು ಅವನಿಗೆ ಮನಸ್ಸಿಲ್ಲ, ಅಷ್ಟೇ. ಇದನ್ನು ಯಾವ ಸಾಲಿಸಿಟರ್ ತಾನೇ ಪತ್ರದಲ್ಲಿ ಬರೆಯುತ್ತಾನೆ?

ಕಿಟಕಿಯ ಕಟ್ಟೆಯ ಮೇಲೆ ಹಿತ್ತಾಳೆ ಗಂಟೆ ಇತ್ತು. ನಾನು ಕಣ್ಸನ್ನೆ ಮಾಡುವಷ್ಟರಲ್ಲಿ ರಸೆಲ್ ಬಲಗೈ ಚಾಚಿ ಎತ್ತಿ ಮೆಲ್ಲಗೆ ಆಡಿಸಿದ.

ಬಾರ್ಲೋ ಕಿಟಕಿಯ ಕಟ್ಟೆಯ ಧೂಳು ಅಂಗೈಯಿಂದ ಒರೆಸಿದ. "ಅಷ್ಟು ಮೆತ್ತಗೆ ಬಾರಿಸಿದ್ರೆ ಅಡುಗೆಮನೆಗೆ ಕೇಳಿಸಲ್ಲಪ್ಪಾ. ಜೋರಾಗಿ."

ರಸೆಲ್ ಜೋರಾಗಿ ಬಾರಿಸಿದ. ಮುದುಕ ಚಹಾ ಮಾಡಲು ಹೋದ.

ಏಪ್ರಿಲ್ 9, ಬುಧವಾರ

ಈಸ್ಟರ್ ರಜೆ. ಬಾರ್ಲೋ ಕೊನೆಗೂ ಅರ್ಜಿ ಹಾಕಿದ್ದ. ಇನ್‌ಸ್ಪೆಕ್ಟರ್ ಬಂದಿದ್ದ. ಬಾರ್ಲೋ ಸುತ್ತಿಗೆಯನ್ನು ಯಾರಿಗೂ ಕೊಡಲಿಲ್ಲ, ಮೂಲೆಯ ನೆಲ ತಾನೇ ಒಡೆದ. ಇನ್‌ಸ್ಪೆಕ್ಟರ್ ಮಂಡಿಯೂರಿ ಕೈಹಾಕಿ ಅಳೆದ, ಇನ್ನೂ ಕೆಳಗೆ ಅಳೆದ. "ಏನಜ್ಜಾ, ಇಷ್ಟು ಆಳ? ಮೇಲೆ ಚರ್ಚ್ ಕಟ್ಟೋ ಯೋಚನೆ ಇತ್ತಾ?"

ಬಾರ್ಲೋ ಮುಖ ತಿರುಗಿಸಿಕೊಂಡ. ಆದರೆ ಕಿವಿ ಕೆಂಪಾಗಿತ್ತು.

ಮೇ 2, ಶುಕ್ರವಾರ

ಪ್ರಮಾಣಪತ್ರ ಬಂತು, ಬ್ಯಾಂಕೂ ಒಪ್ಪಿತು. ಇಬ್ಬರು ಸಾಲಿಸಿಟರ್‌ಗಳೂ ಫೋನಿನಲ್ಲಿ ಕರಾರು ಅದಲುಬದಲು ಮಾಡಿಕೊಂಡರು. ಇನ್ನು ಯಾರೂ ಹಿಂದೆ ಸರಿಯುವಂತಿಲ್ಲ. ಗಾರ್ಸೈಡ್‌ಗೆ ಕೇಕ್ ಒಯ್ದೆ. "ಕೀಲಿ ಸಿಗೋವರೆಗೂ ಯಾರಿಗೂ ಫೋನ್ ಮಾಡಬೇಡಿ," ಎಂದಳು, ಬಾಯಿ ತುಂಬ ಕೇಕ್.

ಮೇ 16, ಶುಕ್ರವಾರ

ಮಧ್ಯಾಹ್ನ ಕೀಲಿ ಸಿಕ್ಕಿತು. ಬಾರ್ಲೋ ಬೆಳಿಗ್ಗೆಯೇ ಮಗಳ ಮನೆಗೆ ಹೊರಟುಹೋಗಿದ್ದ. ಹೇಳಿದಂತೆಯೇ ಪರದೆ ಇಲ್ಲ. ಬಲ್ಬು ಒಂದೂ ಇಲ್ಲ. ಟಾಯ್ಲೆಟ್ ಪೇಪರ್ ಸಿಕ್ಕಿಸುವ ಜಾಗದಲ್ಲಿ ನಾಲ್ಕು ತೂತು.

ಹಿಂದಿನ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ ಗಂಟೆ ಇದೆ. ಉಜ್ಜಿ ಹೊಳಪು ಮಾಡಿಟ್ಟಿದ್ದಾನೆ.

ಅದೇ ದಿನ, ಸಂಜೆ

ಆಂಬುಲೆನ್ಸಿನವರು ರಸೆಲ್‌ನನ್ನು ಬಿಟ್ಟುಹೋದರು. ಅಡುಗೆಮನೆಯಲ್ಲಿ ಪೆಟ್ಟಿಗೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಗಂಟೆ ಬಾರಿಸಿದ, ಚಹಾ ಕೊಟ್ಟೆ. ಬಾರಿಸಿದ, ಸಕ್ಕರೆ ಸಾಲದು. ಬಾರಿಸಿದ, ಸುಮ್ಮನೆ, ಕೇಳಿಸುತ್ತದೋ ನೋಡಲು. ಬಾರ್ಲೋ ಹೇಳಿದ್ದು ನಿಜ, ಜೋರಾಗಿ ಬಾರಿಸಿದರೆ ಮನೆಯೆಲ್ಲ ಕೇಳಿಸುತ್ತದೆ. ಇವತ್ತು ನನಗೆ ಎಷ್ಟು ಸಂತೋಷವೆಂದರೆ... ಬಂತು ಮತ್ತೆ. ಬಂದೆ ಕಣೋ, ಬಂದೆ, ಒಂದು ಸಾಲಾದರೂ ಬರೆಯಲು ಬಿ—