ಬದುಕಿದವರ ಚೀಟಿ

ಯಾತ್ರಿಕರ ವಸತಿಗೃಹ, ಜೆರುಸಲೇಮ್
೨೧ ಏಪ್ರಿಲ್ ೧೯೮೩, ಗುರುವಾರ

ಪ್ರೀತಿಯ ಅಪ್ಪನಿಗೆ,

ನಿಮ್ಮ ಡೆಸ್ಪೂಲಾಳ ನಮಸ್ಕಾರ. ಹಡಗಿನಿಂದ ಇಳಿದ ದಿನವೇ ಬರೆಯುತ್ತೇನೆ ಎಂದಿದ್ದೆ. ಎರಡು ದಿನ ತಡವಾಯಿತು, ಸಾರಿ. ಮೂರು ಹಾಳೆ ಬರೆದು ಹರಿದು ಹಾಕಿದೆ. ನಿಮ್ಮ ಕೆಮ್ಮು ಹೇಗಿದೆ? ಪಕ್ಕದ ಮನೆಯವರು ಊಟ ತಂದುಕೊಡುತ್ತಿದ್ದಾರೆಯೇ? ಅಮ್ಮ ಚೆನ್ನಾಗಿದ್ದಾಳೆ. ನನಗೆ ಎರಡು ರಾತ್ರಿಯಿಂದ ನಿದ್ದೆಯಿಲ್ಲ. ಅದು ಟೆನ್ಷನ್‌ನಿಂದ. ಹಾಸ್ಟೆಲಿನಲ್ಲಿ ಪರೀಕ್ಷೆಯ ಹಿಂದಿನ ದಿನ ಆಗುತ್ತಿತ್ತಲ್ಲ, ಹಾಗೆ.

ನಮ್ಮ ಲಿಮಸ್ಸೋಲ್ ಬಂದರಿನಲ್ಲಿ ಹಡಗು ಹತ್ತುವಾಗ ನೀವು ನನ್ನ ಕಿವಿಯಲ್ಲಿ ಹೇಳಿದ್ದು ನೆನಪಿದೆ. “ಒಂಬತ್ತು ವರ್ಷ ಆಯ್ತು ಮಗಳೇ. ನಿಮ್ಮಣ್ಣ ಯುದ್ಧದಿಂದ ವಾಪಸ್ ಬರಲ್ಲ. ಪಾಂಬೋಸನ ಹೆಸರನ್ನ ಸತ್ತವರ ಚೀಟಿಗೆ ಹಾಕು. ನಿಮ್ಮಮ್ಮನ್ನ ಹೇಗಾದ್ರೂ ಒಪ್ಪಿಸು. ಅವನ ಆತ್ಮಕ್ಕೂ ಒಂದು ಪ್ರಾರ್ಥನೆ ಆಗ್ಲಿ.” ಆ ಕೆಲಸವನ್ನು ನಾನು ಹಾಳು ಮಾಡಿದೆ. ಹೇಗೆಂದು ಹೇಳುತ್ತೇನೆ.

ಮಂಗಳವಾರ ಬೆಳಿಗ್ಗೆ ಹೈಫಾದಲ್ಲಿ ಇಳಿದು ಮೊದಲು ನಜರೇತಿಗೆ ಹೋದೆವು. ಹೋದಲ್ಲೆಲ್ಲ ನಮ್ಮ ಪಾದ್ರಿ ಫಿಲೋಥೆಯೋಸರಿಗೆ ಎರಡು ಚೀಟಿ ಕೊಡಬೇಕು, ಒಂದು ಬದುಕಿದವರದು, ಒಂದು ಸತ್ತವರದು. ಅವರು ಪ್ರಾರ್ಥನೆಯಲ್ಲಿ ಗಟ್ಟಿಯಾಗಿ ಓದುತ್ತಾರೆ. ಅಮ್ಮನಿಗೆ ಬರೆಯಲು ಬಾರದು, ಬಸ್ಸಿನಲ್ಲಿ ಕೂತು ಬರೆಯುವವಳು ನಾನು.

“ಬದುಕಿದವರ ಚೀಟೀಲಿ ಮೊದಲು ಪಾಂಬೋಸ್ ಅಂತ ಬರಿ. ಆಮೇಲೆ ನಿಮ್ಮಪ್ಪ. ಯಾಕೇ ಗೆರೆ ಸೊಟ್ಟ ಹೋಗ್ತಿದೆ?”

“ಬಸ್ಸು ಅಲ್ಲಾಡ್ತಿದೆಯಮ್ಮ.”

“ಬಸ್ಸು ನಿಂತು ಎಷ್ಟು ಹೊತ್ತಾಯ್ತು” ಎಂದಳು ಹಿಂದಿನ ಸೀಟಿನ ಮರಿತ್ಸೂ ದೊಡ್ಡಮ್ಮ. ನಮ್ಮ ನಿರಾಶ್ರಿತರ ಕಾಲೊನಿಯವಳೇ. ಅವಳ ಮಗನೂ ಅಣ್ಣನ ಹಾಗೆ, ಅದೇ ವಾರ ಯುದ್ಧದಲ್ಲಿ ಕಾಣೆಯಾದವನು.

ಕಾನಾದಲ್ಲಿ ಎಲ್ಲರಿಗೂ ಪುಟ್ಟ ಲೋಟದಲ್ಲಿ ವೈನ್ ಕೊಟ್ಟರು. ಮರಿತ್ಸೂ ದೊಡ್ಡಮ್ಮ ಎರಡು ಲೋಟ ಕುಡಿದು, “ಉಪವಾಸ ನಿಜ, ಆದ್ರೆ ಸ್ವಾಮಿ ನೀರನ್ನ ವೈನ್ ಮಾಡಿದ ಊರಲ್ಲಿ ನೀರು ಕೇಳಿದ್ರೆ ಅವನಿಗೆ ಅವಮಾನ” ಎಂದಳು. ಅಮ್ಮನೂ ನಕ್ಕಳು. ಅವಳು ನಗುತ್ತಿರುವಾಗಲೇ ನಾನು ಚರ್ಚಿನ ಗೋಡೆಗೆ ಒರಗಿ ಮುಂದಿನ ಚೀಟಿಗಳನ್ನು ಬರೆದೆ. ಸತ್ತವರದರಲ್ಲಿ, ತಾತನ ಹೆಸರಿನ ಕೆಳಗೆ, ಪಾಂಬೋಸ್ ಎಂದು.

ಸಂಜೆ ಜೋರ್ಡಾನ್ ನದಿ. ಹೆಂಗಸರೆಲ್ಲ ಉದ್ದನೆಯ ಬಿಳಿ ಅಂಗಿ ತೊಟ್ಟು ನೀರಿಗಿಳಿದರು. ಅದನ್ನು ಒಣಗಿಸಿ ಪೆಟ್ಟಿಗೆಯಲ್ಲಿಟ್ಟು, ಮುಂದೆ ಮಣ್ಣಿಗೆ ಹೋಗುವಾಗ ತೊಡುವುದಲ್ಲವೇ. ಅಮ್ಮ ಸೊಂಟದವರೆಗೆ ನೀರಿನಲ್ಲಿದ್ದಳು. ಪಾದ್ರಿ ದಡದಲ್ಲಿ ನಿಂತು ಓದುತ್ತಿದ್ದರು. ಬದುಕಿದವರದು ಮುಗಿಯಿತು. ಅಮ್ಮ ತಲೆಯೆತ್ತಿ ನನ್ನ ಕಡೆ ನೋಡಿದಳು. ಸತ್ತವರದು ಶುರುವಾಯಿತು. ತಾತ, ಆಮೇಲೆ ಪಾಂಬೋಸ್.

ಅವಳು ಕೂಗಲಿಲ್ಲ. ಮೆಟ್ಟಿಲು ಹತ್ತಿ, ನೀರು ಸುರಿಸುತ್ತ ಬಂದು ಪಾದ್ರಿಯ ಮುಂದೆ ನಿಂತಳು. “ಫಾದರ್, ನನ್ನ ಮಗಳು ತಪ್ಪು ಬರ್ದಿದ್ದಾಳೆ. ಓದೋ ಹುಡುಗಿ, ತಲೆ ಎಲ್ಲೋ ಇರುತ್ತೆ. ಅವನನ್ನ ಬದುಕಿದವರ ಜೊತೆ ಓದಿ.”

ಪಾದ್ರಿ ನನ್ನನ್ನು ನೋಡಿದರು. ನಾನು ನನ್ನ ಶೂ ನೋಡಿಕೊಂಡೆ. ಅವರು ಪಾಂಬೋಸನನ್ನು ಸೇರಿಸಿ ಬದುಕಿದವರದನ್ನು ಮತ್ತೆ ಓದಿದರು.

“ನಾನೂ ಐದು ವರ್ಷ ಹೀಗೇ ಹಟ ಹಿಡಿದಿದ್ದೆ ಹರಿಕ್ಲಿಯಾ” ಎಂದಳು ಮರಿತ್ಸೂ ದೊಡ್ಡಮ್ಮ, ಅಮ್ಮನಿಗೆ ಟವೆಲ್ ಹೊದಿಸುತ್ತ. “ಸತ್ತವರ ಚೀಟೀಲಿ ಬರೆಸಿದ ಮೇಲೇ ನನಗೆ ನಿದ್ದೆ ಬಂದಿದ್ದು ಕಣೇ.”

“ನಿನ್ನ ಮಗನನ್ನ ಕಂಡೋರು ಯಾರೂ ಇಲ್ಲ. ನನ್ನ ಮಗನನ್ನ ಕಂಡ ನರ್ಸು ಕಾಗದ ಬರ್ದಿದ್ದಾಳೆ. ಇಂಗ್ಲಿಷಲ್ಲಿತ್ತು, ಇವಳೇ ಓದಿ ಹೇಳಿದ್ದು. ಕೈಗೆ ಗಾಯ ಅಷ್ಟೆ. ತಾನೇ ಲೋಟ ಹಿಡ್ಕೊಂಡು ನೀರು ಕುಡ್ದು, ಲಾರಿ ಹತ್ತಿ ಹೋದ. ಅಲ್ವೇನೇ?”

“ಹೌದಮ್ಮ” ಎಂದೆ.

ಅಮ್ಮ ಇವತ್ತಿನವರೆಗೂ ನನ್ನನ್ನು ಬೈದಿಲ್ಲ. ಆ ದಿನ ಬಸ್ಸಿನಲ್ಲಿ ತನ್ನ ಪಾಲಿನ ಬ್ರೆಡ್ಡು, ಆಲಿವ್ ಕೂಡ ನನಗೇ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ನಿಮಗೆ ಜೋರ್ಡಾನಿನ ನೀರು ತರುತ್ತಿದ್ದೇನೆ. ದೇವರು ನಿಮ್ಮ ಉಸಿರನ್ನು ಹಗುರ ಮಾಡಲಿ. ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ನಿಮ್ಮ ಮಗಳು,
ಡೆಸ್ಪೂಲಾ

ಮರೆತಿದ್ದು: ಮರೆತಿದ್ದಲ್ಲ ಅಪ್ಪ. ನರ್ಸಿನ ಕಾಗದದಲ್ಲಿ ಲೋಟವೂ ಇರಲಿಲ್ಲ, ಲಾರಿಯೂ ಇರಲಿಲ್ಲ. ಗಾಯವಾದ ಮೂರನೆಯ ದಿನ ಮಧ್ಯಾಹ್ನ, ಆಸ್ಪತ್ರೆ ಮಾಡಿಕೊಂಡಿದ್ದ ಶಾಲೆಯ ಜಗಲಿಯಲ್ಲಿ ಅಣ್ಣನ ಪ್ರಾಣ ಹೋಯಿತು, ಅವನ ಕಣ್ಣು ಮುಚ್ಚಿಸಿದವಳು ನಾನೇ ಎಂದು ಅವಳು ಬರೆದಿದ್ದಳು. ಕಾಂಪೌಂಡಿನ ಮೂಲೆಯಲ್ಲಿ ಹೂತರಂತೆ. ಕಾಗದ ಬಂದಾಗ ನನಗೆ ಹದಿನಾಲ್ಕು. ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದುದು ನನಗೊಬ್ಬಳಿಗೆ. ನೀವಿಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದಿರಿ. ಕಾಗದ ಹಾಸ್ಟೆಲಿನ ನನ್ನ ಟ್ರಂಕಿನಲ್ಲಿದೆ. ನಿಮಗೆ ಎದುರಿಗೆ ಹೇಳುವ ಧೈರ್ಯವಿಲ್ಲದೆ ಬರೆಯುತ್ತಿದ್ದೇನೆ. ಅಮ್ಮನಿಗೆ ಬರೆದರೂ ಓದಿ ಹೇಳಬೇಕಾದವಳು ನಾನೇ. ನಾಳೆ ಸ್ವಾಮಿಯ ಸಮಾಧಿಯಲ್ಲಿ ಚೀಟಿ ಕೊಡಬೇಕು. “ಒಂದ್ಸಲ ತಪ್ಪಿದ್ರೆ ಏನಂತೆ, ನೀನೇ ಬರಿ” ಎಂದು ಅಮ್ಮ ಹಾಳೆ ತಂದಿಟ್ಟಳು. ಈಗಷ್ಟೇ ಬರೆದು ಕೊಟ್ಟೆ. ಬದುಕಿದವರ ಚೀಟಿಯಲ್ಲಿ, ಮೊದಲ ಹೆಸರು.